ಪಂಕ್ತಿಯಿಂದ ಎಬ್ಬಿಸಿದವಳು

ಆ ಕಾಡಿನ ಊರಿನಲ್ಲಿ ಯಾರೂ ಒಲೆ ಹಚ್ಚುತ್ತಿರಲಿಲ್ಲ. ನೆಲದೊಳಗಿನ ಅಣಬೆಯೇ ಎಲ್ಲರಿಗೂ ಉಣಿಸುತ್ತಿತ್ತು. ಸಂಜೆ ಮನೆಮಂದಿ ಕೈಮುಗಿದು ಹಿತ್ತಲ ಮಣ್ಣಿನಲ್ಲಿ ಪಾದ ಊರಿದರೆ ಸಾಕು, ಅಣಬೆಯ ಎಳೆಗಳು ಅಂಗಾಲಿಗೆ ಅಂಟಿಕೊಂಡು ಹೊಟ್ಟೆ ತುಂಬಿಸುತ್ತಿದ್ದವು.

ಅಂದು ಬೀರಮ್ಮನ ಬಾಣಂತಿ ಸೊಸೆಗೆ ಎಳೆಯೇ ಬರಲಿಲ್ಲ. ಬೀರಮ್ಮ ಬೇಲಿಯಾಚೆ ನೋಡಿದರೆ, ಪಟ್ಟಣದ ಸಸ್ಯವಿಜ್ಞಾನಿ ಸುಚರಿತಾ ಎಲೆಯಿಲ್ಲದ ಬಿಳಿ ಗಿಡವೊಂದನ್ನು ಬುಡಸಮೇತ ಕಿತ್ತು ಡಬ್ಬಿಗೆ ಹಾಕುತ್ತಿದ್ದಳು.

“ಅಜ್ಜಿ, ಯಾರೂ ಕಾಣದ ಹೊಸ ಗಿಡ ಇದು! ಅಣಬೆ ಉಂಡೇ ಬದುಕುತ್ತೆ.”

“ನನ್ನ ಸೊಸೇನೂ ಅದನ್ನೇ ಉಣ್ಣೋದು ಕಣೇ! ಇಬ್ರೂ ಒಂದೇ ಪಂಕ್ತೀಲಿ ಕೂತೋರು. ಉಣ್ತಿರೋರನ್ನ ಜುಟ್ಟು ಹಿಡಿದು ಎಬ್ಬಿಸ್ತೀಯಾ? ನಿನ್ನ ಡಬ್ಬಿಗೆ ಬೆಂಕಿ ಬೀಳ್ಲಿ! ಹಾಕು ಆ ಗಿಡ ಕಿತ್ತ ಗುಂಡಿಗೆ ಕೈ. ಎಳೆ ಹರಿದೋರೇ ಸೇರಿಸ್ಬೇಕು.”

ಸುಚರಿತಾ ಹೆದರಿ ಗುಂಡಿಯಲ್ಲಿ ಕೈಯಿಟ್ಟಳು. ಹರಿದ ಎಳೆಗಳು ಅವಳ ಬೆರಳು ಸುತ್ತಿ, ಒಂದನ್ನೊಂದು ಕೂಡಿಕೊಂಡು, ಬಾಣಂತಿಯ ಪಾದ ಮುಟ್ಟಿದವು. ಅವಳ ಎದೆಗೆ ಹಾಲಿಳಿಯಿತು, ಕೂಸು ಅಳು ನಿಲ್ಲಿಸಿತು. ಬೀರಮ್ಮನ ಸಿಟ್ಟು ಮಾತ್ರ ಇಳಿಯಲಿಲ್ಲ.

“ಕೈ ತೆಗೆದೀಯಾ ಮತ್ತೆ!” ಎಂದು ಕಾವಲು ನಿಂತಳು.

ಅಷ್ಟರಲ್ಲಿ ಸುಚರಿತಾಳ ಬೆರಳ ಸಂದಿಯಲ್ಲಿ ನೀಲಿ ಮೊಗ್ಗೊಂದು ತಲೆಯೆತ್ತಿತು. ಅವಳನ್ನು ಹುಡುಕಿಕೊಂಡು ಬಂದ ಸಹಾಯಕ ಪ್ರಸನ್ನ ಅದನ್ನು ಕಂಡವನೇ ಮೊಣಕಾಲೂರಿ ಚಿಮಟ ತೆಗೆದ.

“ಅಬ್ಬಾ, ಇನ್ನೊಂದು ಹೊಸದು! ಅಲುಗಾಡ್ಬೇಡಿ ಮೇಡಂ, ಬೇರು ಸಮೇತ ತೆಗೀತೀನಿ.”

“ಮುಟ್ಟಿದ್ರೆ ಕೈ ಮುರಿದುಬಿಡ್ತೀನಿ!” ಸುಚರಿತಾ ಅರಚಿದಳು. “ಬಾಣಂತಿ ಉಣ್ತಿದಾಳೆ, ಕಣ್ಣು ಕಾಣಲ್ವಾ?”