ತರಗೆಲೆಯೊಳಗಿನ ಹಕ್ಕಿ

ಲಂಟಾನದ ಎಲೆ ಕೈಗೆ ಉಜ್ಜಿಕೊಂಡರೆ ಈಗಲೂ ಕಣಕಟ್ಟೆ ಕಡೆಯ ಗುಡ್ಡದ ಆ ಮಧ್ಯಾಹ್ನ ಮೂಗಿಗೆ ಬಡಿಯುತ್ತದೆ.

ಮೇಷ್ಟ್ರು ಹೊಸ ಕ್ಯಾಮೆರಾ ಹಿಡಿದು ನಮ್ಮ ತರಗತಿಯನ್ನು ಕಾಡಿಗೆ ಕರೆದೊಯ್ದಿದ್ದರು. ದಾರಿ ತೋರಿಸಲು ಬಂದವಳು ಆಡು ಮೇಯಿಸುವ ನನ್ನವ್ವ. ನಡುದಾರಿಯಲ್ಲಿ ಅವಳು ಮೇಷ್ಟ್ರ ಕಾಲಿಗೆ ತಟ್ಟನೆ ಕೋಲು ಅಡ್ಡ ಹಿಡಿದಳು.

“ಕಾಲಿಡಬ್ಯಾಡಿ ಸಾ, ಹಕ್ಕಿ ಕಾವಿಗೆ ಕುಂತೈತೆ.”

“ಎಲ್ಲಿದೆಯಮ್ಮಾ? ಬರೀ ತರಗೆಲೆ ಕಾಣ್ತಿದೆ.”

“ಎಲೆಗೆ ಕಣ್ಣಿರ್ತಾವಾ ಸಾ?”

ಮೇಷ್ಟ್ರನ್ನು ನಾಲ್ಕು ಹೆಜ್ಜೆ ಹಿಂದೆ ಸರಿಸಿ, ಅಲ್ಲಿಂದ ಒಂದೇ ಒಂದು ಫೋಟೋ ತೆಗೆಯಲು ಬಿಟ್ಟಳು.

ಅದು ಶಾಲೆಯ ಗೋಡೆಗೇರಿತು. ನೋಡಿದವರೆಲ್ಲ, “ಹಕ್ಕಿ ಎಲ್ಲೈತೆ?” ಎನ್ನುತ್ತಿದ್ದರು. ನಾನು ಓಡಿಹೋಗಿ ಬೆರಳಿಟ್ಟು, “ಇಲ್ಲಿ. ನಮ್ಮವ್ವ ಕಂಡಿದ್ದು” ಎನ್ನುತ್ತಿದ್ದೆ. ವರ್ಷ ಮುಗಿಯುವಷ್ಟರಲ್ಲಿ ಆ ಜಾಗದಲ್ಲಿ ನನ್ನ ಬೆರಳಿನ ಕಲೆ ಎಷ್ಟು ಗಾಢವಾಗಿ ಕೂತಿತ್ತೆಂದರೆ, ಹಕ್ಕಿ ಎಲ್ಲಿದೆಯೆಂದು ಯಾರೂ ಕೇಳಬೇಕಾಗಿರಲಿಲ್ಲ.