ಮೊದಲು ಅಜ್ಜಿ ಹೋಗಲಿ

"ಅಜ್ಜಿ ಕಣ್ಣಿನ ಆಪರೇಷನ್ ಮಾಡಿಸ್ಕಂಡ್ರೆ ಮಾತ್ರ ನಾನು ಆಸ್ಪತ್ರೆಗೆ ಬರೋದು," ಎಂದು ಒಂಬತ್ತು ವರ್ಷದ ದಿವ್ಯಶ್ರೀ ಹೊಸ್ತಿಲ ಮೇಲೆ ಕೂತುಬಿಟ್ಟಳು. ಸೀಳುತುಟಿಯೊಂದಿಗೆ ಹುಟ್ಟಿದ ಹುಡುಗಿ. ಆಗಲೇ ಮೂರು ಸಲ ಡಾಕ್ಟರ ಕತ್ತರಿಗೆ ಬಾಯಿ ಕೊಟ್ಟಾಗಿತ್ತು. ಸೊಂಟದಿಂದ ಚೂರು ಎಲುಬು ತೆಗೆದು ವಸಡಿಗೆ ಇಡುವ ನಾಲ್ಕನೆಯದು ಬಾಕಿ. ಈ ವಾರ ತಪ್ಪಿದರೆ ಇನ್ನು ಆರು ತಿಂಗಳು ಕಾಯಬೇಕು.

ಅಜ್ಜಿ ಚೆಲುವಮ್ಮ ಸಾಮಾನ್ಯದವಳಲ್ಲ. ತೋಟಕ್ಕೆ ನುಗ್ಗಿದ ಕಾಡುಹಂದಿಯನ್ನು ಬರೀ ಬೈಗುಳದಲ್ಲೇ ಕಬಿನಿ ದಾಟಿಸಿದವಳೆಂದು ಪೆರಿಕಲ್ಲೂರಿನಲ್ಲೆಲ್ಲ ಹೆಸರು. ಕಣ್ಣಿನ ಪೊರೆಯ ಮಾತೆತ್ತಿದರೆ ಮಾತ್ರ ಮೂರು ವರ್ಷದಿಂದ ಒಂದಲ್ಲ ಒಂದು ನೆಪ. ಒಮ್ಮೆ ಮೆಣಸಿನ ಕೊಯ್ಲು, ಒಮ್ಮೆ ಹಸು ಈಯುವ ಹೊತ್ತು. ಈ ಸಲ ಕೋಳಿ ಕಾವಿಗೆ ಕೂತಿದೆಯಂತೆ, ಬಿಟ್ಟು ಹೋಗುವ ಹಾಗಿಲ್ಲವಂತೆ.

"ಅಪ್ಪ ಕೂತ್ಕತಾರೆ ಬುಡು ಕಾವಿಗೆ," ಎಂದಳು ಮೊಮ್ಮಗಳು. ಅಪ್ಪ ಜಗದೀಶ್ ಕಾಫಿ ಕುಡಿಯುತ್ತಿದ್ದವನು ಕೆಮ್ಮಿದ.

ಧೈರ್ಯ ಹೇಳುವುದರಲ್ಲಿ ಚೆಲುವಮ್ಮನ ಸಮ ಇನ್ನೊಬ್ಬರಿಲ್ಲ. ಏನೂ ನೋಯುವುದಿಲ್ಲ, ಮಲಗಿ ಎದ್ದಷ್ಟೇ ಎಂದು ಹುಡುಗಿಯನ್ನು ಮೂರು ಸಲವೂ ಕಳಿಸಿದವಳು ಅವಳೇ. ದಿವ್ಯಶ್ರೀ ಈಗ ಸೊಂಟಕ್ಕೆ ಕೈಯಿಟ್ಟು ಅದನ್ನೇ ಅಕ್ಷರ ಬಿಡದೆ ಒಪ್ಪಿಸಿದಳು. "ನೋಯಾಕಿಲ್ಲ ಅಂದ್ಮೇಲೆ ನಿಂಗ್ಯಾಕೆ ಇಷ್ಟು ಪೇಡಿ, ಇಷ್ಟು ಹೆದ್ರಿಕೆ?" ಎಂದೂ ಕೇಳಿದಳು. ಸೊಸೆ ಲತಾಮಣಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಸೊಸೆಯ ಎದುರಿಗೆ ಹೆದರುಪುಕ್ಕಲಿ ಎನಿಸಿಕೊಳ್ಳುವುದುಂಟೇ? ಚೆಲುವಮ್ಮ ಸೀರೆ ಬದಲಾಯಿಸಿದಳು.

ಘಾಟಿ ಇಳಿಯುವ ಬಸ್ಸಿನಲ್ಲಿ ಮೊಮ್ಮಗಳದೇ ಪಾಠ. ಸೂಜಿ ಚುಚ್ಚುವಾಗ ಆಚೆ ನೋಡಬೇಕು. ಈಗ ಮುಗೀತು ಎಂದು ಸಿಸ್ಟರ್ ಹೇಳಿದರೆ ನಂಬಬಾರದು.

ಕೋಳಿಕ್ಕೋಡಿನ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮೊದಲು ಕರೆದದ್ದು ಅಜ್ಜಿಯನ್ನೇ. ಹಸಿರು ನಿಲುವಂಗಿ ತೊಡಿಸಿ ಬಾಗಿಲ ಬಳಿ ಕೂರಿಸಿದಾಗ ಚೆಲುವಮ್ಮನಿಗೆ ನಿಜಕ್ಕೂ ಹೆದರಿಕೆಯಾಯಿತು. ಇಂಥ ಬಾಗಿಲೊಳಗೆ ಇಷ್ಟು ಚಿಕ್ಕ ಕೂಸನ್ನು ಮೂರು ಸಲ ನಗುನಗುತ್ತ ಕಳಿಸಿದೆನಲ್ಲ ಎಂದುಕೊಂಡಳು. ಮೊಮ್ಮಗಳನ್ನು ಹತ್ತಿರಕ್ಕೆಳೆದು, ಸೊಸೆಗೆ ಕೇಳದ ಹಾಗೆ, "ನೋಯ್ತದಾ ಕೂಸೆ?" ಎಂದಳು.

ದಿವ್ಯಶ್ರೀ ಅಮ್ಮನ ಕಡೆ ಒಮ್ಮೆ ನೋಡಿ, ಅಜ್ಜಿಯ ಕಿವಿಗೆ ಬಾಯಿಟ್ಟಳು.

"ನೋಯ್ತದೆ ಅಜ್ಜಿ. ಅಳು ಬಂದ್ರೆ ಅತ್ಬುಡು. ನಾನು ಯಾರಿಗೂ ಹೇಳಾಕಿಲ್ಲ."