ಹಸಿರು ವ್ಯಾನಿನ ಮೆರುಗು

"ಇದಕ್ಕೆ ಯಾವ ಮೆರುಗು ಹಚ್ಚಿದ್ರೆ ಒಳ್ಳೇದು? ನೀವೇ ಹೇಳಿ" ಎಂದು ಅತ್ತೆ ಕೇಳಿದಾಗ ಅಳಿಯ ಕೈಯಲ್ಲಿದ್ದ ಕಾಫಿ ಕುಡಿಯುವುದನ್ನೇ ಮರೆತ. ಮದುವೆಯಾದಾಗಿನಿಂದ ಅವರು ಅವನನ್ನು ಕೇಳಿದ್ದೆಂದರೆ "ಚೆನ್ನಾಗಿದ್ದೀರಾ?", "ಇನ್ನು ಸ್ವಲ್ಪ ಬಡಿಸಲಾ?" ಇಷ್ಟೇ. ಮಗಳು ತಾನಾಗಿ ಮೆಚ್ಚಿಕೊಂಡ ಹುಡುಗ, ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. ಅತ್ತೆ ಅವನೆದುರು ಒಂದು ದಿನವೂ ಮುಖ ಗಂಟಿಕ್ಕಿದವರಲ್ಲ. ಬನ್ನಿ, ಕೂತ್ಕೊಳ್ಳಿ ಎಂದು ಮರ್ಯಾದೆ ಕೊಟ್ಟೂ ಕೊಟ್ಟೂ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿಬಿಟ್ಟಿದ್ದರು.

ಮೇಜಿನ ಮೇಲೆ ಗೇಣುದ್ದದ ಹಸಿರು ವ್ಯಾನು ನಿಂತಿತ್ತು. ನಿವೃತ್ತಿಯಾಗುವವರೆಗೂ ಅತ್ತೆ ಓಡಿಸುತ್ತಿದ್ದ ಸಂಚಾರಿ ಗ್ರಂಥಾಲಯದ ತದ್ರೂಪು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ, ಉಜ್ಜಿ, ಬಣ್ಣ ಬಳಿದು ಅವರೇ ಮಾಡಿದ್ದು. ಕಿಟಕಿಯಲ್ಲಿ ಇಣುಕಿದರೆ ಒಳಗೆ ಅಕ್ಕಿಕಾಳಿನಷ್ಟು ಪುಸ್ತಕಗಳು ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಒಂದು ಪುಟ್ಟ ಬಾಟಲಿ, ಒಂದು ಸ್ಪ್ರೇ ಡಬ್ಬಿ.

"ಈ ಬಾಟಲೀದು ನೀರಿನ ವಾರ್ನಿಷ್ಷು, ಕುಂಚದಲ್ಲಿ ಹಚ್ಚೋದು. ಈ ಡಬ್ಬಿ ಒತ್ತಿ ಹೊಡೆಯೋದು. ಅಂಗಡಿಯವನು ಎರಡನ್ನೂ ಹೊಗಳಿದ."

"ಎರಡೂ ಬೇಡ ಅತ್ತೆ, ಇವೆಲ್ಲ ಮಕ್ಕಳಾಟ" ಎಂದ ಅಳಿಯ, ಎದೆಯುಬ್ಬಿಸಿ. "ನಮ್ಮ ಗ್ಯಾರೇಜಲ್ಲಿ ಕಾರಿನ ಬಣ್ಣದ ಮೇಲೆ ಹೊಡೆಯೋ ಕ್ಲಿಯರ್ ಕೋಟ್ ತರ್ತೀನಿ. ಕನ್ನಡಿ ಕೂಡ ನಾಚ್ಕೋಬೇಕು, ಹಾಗೆ ಮಾಡ್ಕೊಡ್ತೀನಿ."

ಮುಂದಿನ ರಜೆಗೆ ಅವನು ಕಂಪ್ರೆಸರ್, ಸ್ಪ್ರೇ ಗನ್ನು ಎಲ್ಲವನ್ನೂ ಹೊತ್ತು ಬಂದ. "ಗುಬ್ಬಿ ಮೇಲೆ ಬ್ರಹ್ಮಾಸ್ತ್ರ!" ಎಂದು ಹೆಂಡತಿ ನಗುತ್ತಾ ಅಡುಗೆಮನೆಗೆ ಹೋದಳು. ಹಿತ್ತಿಲಲ್ಲಿ ಬಕೆಟ್ ಬೋರಲು ಹಾಕಿ, ಅದರ ಮೇಲೆ ವ್ಯಾನು ನಿಲ್ಲಿಸಿ ಅವನು ಮೆರುಗು ಹೊಡೆದ. ವ್ಯಾನು ಈಗಷ್ಟೇ ನೀರಿನಿಂದ ಎದ್ದು ಬಂದಂತೆ ಫಳಫಳ ಹೊಳೆಯಿತು. ಅತ್ತೆ "ಆಹಾ" ಅಂದರು. ಅವರ ಬಾಯಲ್ಲಿ ಆ ಮಾತು ಇನ್ನೂ ಆರಿರಲಿಲ್ಲ, ಬಾಗಿಲ ಮೇಲಿನ ಹಸಿರು ಅಲುಗಿತು. ಕಾಯಿಸಿಟ್ಟ ಹಾಲು ಕೆನೆಗಟ್ಟುವಂತೆ ಬಣ್ಣ ಮೆಲ್ಲಗೆ ಸುಕ್ಕುಗಟ್ಟಿ ಮೇಲೆದ್ದಿತು. ಕಾರಿನ ಬಣ್ಣ ತಾಳಿಕೊಳ್ಳುವ ಥಿನ್ನರಿನ ಖಾರವನ್ನು ಅತ್ತೆಯ ಬಣ್ಣ ತಾಳಿಕೊಳ್ಳಲಿಲ್ಲ. ವ್ಯಾನಿನ ಮೈಮೇಲೆ 'ಸಂಚಾರಿ ಗ್ರಂಥಾಲಯ' ಎಂದು ಅವರು ಒಂದೊಂದಾಗಿ ಬರೆದಿದ್ದ ಅಕ್ಷರಗಳು ಸೊಂಟ ಮುರಿದುಕೊಂಡು ಕುಸಿದವು.

"ಅಯ್ಯೋ ಮಂಕೇ! ಏನೋ ಮಾಡ್ಬಿಟ್ಟೆ? ಮೊದ್ಲು ಒಂದು ಚಮಚದ ಮೇಲಾದ್ರೂ ಹೊಡೆದು ನೋಡ್ಬಾರ್ದಿತ್ತೇನೋ? ಬುದ್ಧೀನ ಎಲ್ಲಿ ಅಡ ಇಟ್ಟು ಬಂದಿದ್ದೆ ನೀನು?"

ತರಕಾರಿ ಹೆಚ್ಚುತ್ತಿದ್ದ ಹೆಂಡತಿ ಚಾಕು ಹಿಡಿದುಕೊಂಡೇ ಹೊರಗೋಡಿ ಬಂದಳು. ಆ ದನಿ ಅವಳಿಗೆ ಹುಟ್ಟಿದಾಗಿನಿಂದ ಪರಿಚಯ. ಗಂಡನ ಮೇಲೆ ಅದು ಬಿದ್ದದ್ದನ್ನು ಇವತ್ತೇ ಕೇಳಿದ್ದು. ಅತ್ತೆಗೂ ಆಗಲೇ ಅರಿವಾಗಿ ಬಾಯಿಗೆ ಕೈ ಅಡ್ಡ ಇಟ್ಟರು. "ತಪ್ಪು ತಿಳ್ಕೋಬೇಡಿ... ಏನೋ ಬಾಯಿ ತಪ್ಪಿ..."

"ಬೈರಿ ಅತ್ತೆ" ಎಂದ ಅವನು, ತಲೆ ಎತ್ತದೆ. "ನಮ್ಮಮ್ಮ ಹೋದ್ಮೇಲೆ ನನಗೆ ಹೀಗೆ ಯಾರೂ ಬೈದಿಲ್ಲ."

ಅತ್ತೆ ಬಾಯಿಗಿಟ್ಟ ಕೈ ತೆಗೆದು ಅವನನ್ನು ನೋಡಿದರು. ಆ ದೊಡ್ಡ ಗಡವ ಸ್ಪ್ರೇ ಗನ್ನನ್ನು ಮುರಿದ ಆಟಿಕೆಯಂತೆ ಎದೆಗವಚಿಕೊಂಡು ನಿಂತಿದ್ದ.

"ನಿಂತು ಮೂಗು ಒರೆಸ್ಕೊಂಡ್ರೆ ಬಣ್ಣ ವಾಪಸ್ ಬರುತ್ತಾ? ಎತ್ಕೊಂಡು ಒಳಗೆ ಬಾ."

ಒಳಗೆ ಎಂದರೆ ಅತ್ತೆ ಕೂತು ಕೆಲಸ ಮಾಡುವ ಹಿಂದಿನ ಕೋಣೆ. ಅವನು ಅಲ್ಲಿಗೆ ಕಾಲಿಟ್ಟದ್ದು ಆವತ್ತೇ ಮೊದಲು. ವ್ಯಾನಿನ ಮೈಯನ್ನು ತಳದಿಂದ ಬಿಡಿಸಿ, ದ್ರಾವಣದಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಇಬ್ಬರೂ ಬಣ್ಣ ಕೆರೆದರು. ಆಮೇಲಿನ ರಜೆಗಳೆಲ್ಲ ಆ ಕೋಣೆಯಲ್ಲೇ ಕಳೆದವು. ಅತ್ತೆ ಹೊಸದಾಗಿ ಹಸಿರು ಬಳಿದರು, ಅಕ್ಷರಗಳನ್ನು ಮತ್ತೆ ಬರೆದರು. "ಇನ್ನೂ ಮೆತ್ತಗೆ ಉಜ್ಜು", "ಬೆಳಕಿಗೆ ಅಡ್ಡ ನಿಲ್ಬೇಡ" ಎಂಬ ಬೈಗುಳ ಅಡುಗೆಮನೆಯವರೆಗೂ ಕೇಳುತ್ತಿತ್ತು. ಮಗಳು ಮಧ್ಯಸ್ಥಿಕೆಗೆ ಬಂದರೆ ಗಂಡನೇ ಅವಳನ್ನು ಸಾಗಹಾಕುತ್ತಿದ್ದ. "ನೀನು ಸುಮ್ನಿರೆ, ಬೈದು ಹೇಳೋರು ಬದುಕೋಕೆ ಹೇಳ್ತಾರೆ."

ಮೆರುಗಿನ ಸರದಿ ಬಂದಾಗ ಮೊದಲು ಪ್ಲಾಸ್ಟಿಕ್ ಚಮಚಗಳಿಗೆ ಅದೇ ಹಸಿರು ಬಳಿದು, ಒಂದಕ್ಕೆ ಡಬ್ಬಿಯದು, ಇನ್ನೊಂದಕ್ಕೆ ಬಾಟಲಿಯದು ಹಚ್ಚಿ ಕಿಟಕಿಯಲ್ಲಿ ಒಣಗಲು ಇಟ್ಟರು. ಎರಡರಲ್ಲೂ ಬಣ್ಣ ಅಲುಗಲಿಲ್ಲ. ಅವನ ಕಣ್ಣು ಮಾತ್ರ ಡಬ್ಬಿಯ ಚಮಚದ ಮೇಲೆ. "ಇದು ಹೇಗೆ ಹೊಳೀತಿದೆ ನೋಡಿ ಅತ್ತೆ."

ಅತ್ತೆ ಇನ್ನೊಂದನ್ನು ಬೆಳಕಿಗೆ ಹಿಡಿದು ಹೊರಳಿಸಿದರು. "ಇಷ್ಟು ಚಿಕ್ಕ ಗಾಡಿಗೆ ಅಷ್ಟು ಹೊಳಪು ಬಂದ್ರೆ ಆಟದ ಸಾಮಾನಾಗುತ್ತೆ ಕಣೋ. ದಿನಾ ಬೆಳಿಗ್ಗೆ ತೊಳೆದು ಒರೆಸಿದಾಗ ನನ್ನ ವ್ಯಾನು ಹೊಳೀತಿದ್ದದ್ದು ಇಷ್ಟೇ." ಆ ಪುಟ್ಟ ಬಾಟಲಿಯ ಮುಚ್ಚಳ ಬಿಚ್ಚಿ, ಕುಂಚವನ್ನು ಅವನ ಕಡೆ ಚಾಚಿದರು. "ನೀನೇ ಹಚ್ಚು."

"ನಾನಾ? ಬೇಡ ಅತ್ತೆ. ಒಂದ್ಸಲ ಮಾಡಿದ್ದು ಸಾಲದಾ?"

"ಸುಟ್ಕೊಂಡ ಕೈಗೇ ಬಿಸಿ ಗೊತ್ತಿರೋದು. ಹಿಡಿ."

ಊಟಕ್ಕೆ ಕರೆಯಲು ಬಂದ ಮಗಳು ಬಾಗಿಲಲ್ಲೇ ನಿಂತಳು. ಕುಂಚದ ತುದಿ ವ್ಯಾನಿನ ಮೂತಿಯಿಂದ ಹೊರಟು, ಅಕ್ಷರಗಳ ಮೇಲೆ ಹಾದು, ಹಿಂಬಾಗಿಲ ಕಡೆಗೆ ಇಂಚಿಂಚಾಗಿ ಸಾಗುತ್ತಿತ್ತು. ಅವನು ಉಸಿರು ಬಿಗಿ ಹಿಡಿದಿದ್ದ. ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಅತ್ತೆಯೂ ಬಿಗಿ ಹಿಡಿದಿದ್ದರು. ಕುಂಚ ಕೊನೆಯ ಅಂಚು ಮುಟ್ಟಿ ಮೇಲೆದ್ದಾಗ ಆ ಕೋಣೆಯಲ್ಲಿ ಮೂವರ ಉಸಿರೂ ಒಟ್ಟಿಗೇ ಹೊರಬಿತ್ತು.